ಹಳೆಯ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ ಮೇಲೆ ಮುಂದಿನ ಸ್ಪ್ರಿಂಗ್ ಯಾವುದಿರಬೇಕು?

ತೋಟದ ಶೆಡ್ಡಿನಲ್ಲಿರುವ ಹಳೆಯ ಜೀಪಿನ ಪೆಟ್ರೋಲ್ ಎಂಜಿನ್ ಸವೆದಾಗ, ಅಥವಾ ಅದರ ಪೆಟ್ರೋಲ್ ಖರ್ಚು ತಾಳಲಾಗದೆ ಹೋದಾಗ, ಡೀಸೆಲ್ ಎಂಜಿನ್ ಹಾಕಿಸುವುದು ಕೊಡಗಿಗೆ ಹೊಸದಲ್ಲ. ಯಾವ ಎಂಜಿನ್, ಯಾವ ಗೇರ್ ಬಾಕ್ಸ್, ಯಾವ ರೇಡಿಯೇಟರ್ ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಮುಂದಿನ ಸ್ಪ್ರಿಂಗಿನ ಮಾತು ಬರುವುದು ಮಾತ್ರ ಎಂಜಿನ್ ಕೂತು, ಜೀಪಿನ ಮೂತಿ ತಗ್ಗಿ, ಕಾರ್ಮಿಕರ ಲೈನ್ ಮನೆಗಳ ಕಡೆಗೆ ಇಳಿಯುವ ಮೊದಲ ಗುಂಡಿಯಲ್ಲಿ ಆಕ್ಸಲ್ ತನ್ನ ಏರಿಕೆಯನ್ನು ತಡೆಯುವ ಬಂಪ್ ಸ್ಟಾಪಿಗೆ ಬಡಿದ ಮೇಲೆಯೇ. ಆಗ ಸಿಗುವ ಸಲಹೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳ ಹಳೆಯ ಸೆಟ್ಟಿಗೇ ಮತ್ತೆ ಬಾಗು ಕೊಡಿಸಿದರೆ ಸಾಕೆಂದು ಒಬ್ಬರು ಹೇಳಿದರೆ, ಎರಡು ಪ್ಲೇಟು ಸೇರಿಸಿ ಎಂದು ಇನ್ನೊಬ್ಬರು, ಡೀಸೆಲ್ ಜೀಪಿನ ಪೂರ್ತಿ ಸೆಟ್ಟೇ ಬೇಕೆಂದು ಮತ್ತೊಬ್ಬರು ಹೇಳುತ್ತಾರೆ. ಪ್ಯಾರಬೋಲಿಕ್ ಸ್ಪ್ರಿಂಗ್ ತರಿಸಿಬಿಡಿ ಎನ್ನುವವರೂ ಈಚೆಗೆ ಹೆಚ್ಚಾಗಿದ್ದಾರೆ. ಈ ನಾಲ್ಕರ ನಡುವೆ ಸಿಕ್ಕಿಕೊಂಡ ಓದುಗರಿಗಾಗಿ ಈ ಬರಹ. ಎಂಜಿನ್ನಿನ ಹೆಸರು ನೋಡಿ ಸ್ಪ್ರಿಂಗ್ ಆರಿಸಬಾರದು, ತೂಕದ ಚೀಟಿ ನೋಡಿ ಆರಿಸಬೇಕು ಎಂಬುದು ನನ್ನ ನಿಲುವು. ತೂಗಿ ನೋಡಿದಾಗ ಬೇಕಾಗುವ ಬದಲಾವಣೆ ವರ್ಕ್‌ಶಾಪಿನಲ್ಲಿ ಹೇಳುವುದಕ್ಕಿಂತ ಸಾಮಾನ್ಯವಾಗಿ ಚಿಕ್ಕದೇ ಆಗಿರುತ್ತದೆ.

ಆಯ್ಕೆಗಳನ್ನು ತೂಗುವ ಮೊದಲು ಅಳತೆಗೋಲುಗಳನ್ನು ನಿಗದಿ ಮಾಡಿಕೊಳ್ಳೋಣ. ಮುಂದಿನ ಆಕ್ಸಲ್ ಮೇಲೆ ನಿಜವಾಗಿ ಎಷ್ಟು ಭಾರ ಹೆಚ್ಚಿದೆ ಎಂಬುದು ಮೊದಲನೆಯದು. ಜೀಪು ಎಲ್ಲಿ, ಏನು ಹೊತ್ತು ಓಡುತ್ತದೆ ಎಂಬುದು ಎರಡನೆಯದು. ಸ್ಟಿಯರಿಂಗ್ ಮತ್ತು ಬ್ರೇಕಿನ ನಡತೆ ಕೆಡದೆ ಉಳಿಯುತ್ತದೆಯೇ ಎಂಬುದು ಮೂರನೆಯದು. ಕೆಟ್ಟಾಗ ಗೋಣಿಕೊಪ್ಪಲಿನಲ್ಲೋ ಸೋಮವಾರಪೇಟೆಯಲ್ಲೋ ರಿಪೇರಿಯಾಗುವ ವಸ್ತುವೇ, ಅಥವಾ ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಬೇಕೇ ಎಂಬುದನ್ನು ಖರ್ಚಿನ ಜೊತೆಗೇ ಲೆಕ್ಕ ಹಾಕಬೇಕು. ಮುಂದೊಂದು ದಿನ ಮೂಲ ಎಂಜಿನ್ನನ್ನೇ ಮತ್ತೆ ಕೂರಿಸುವ ಆಸೆಯಿದ್ದರೆ, ಚಾಸಿಗೆ ವೆಲ್ಡಿಂಗ್ ಮಾಡದೆ ಹಿಂದಿನ ಸ್ಥಿತಿಗೆ ಮರಳಲು ಸಾಧ್ಯವೇ ಎಂಬುದನ್ನೂ ನೋಡಬೇಕಾಗುತ್ತದೆ.

ಬಾಗು ಬೇರೆ, ಬಿಗಿತ ಬೇರೆ

ಮೂತಿ ತಗ್ಗಿದ ಕೂಡಲೇ ಸ್ಪ್ರಿಂಗಿಗೆ ಶಕ್ತಿ ಸಾಲದು ಎಂದು ತೀರ್ಮಾನಿಸುವುದು ವಾಡಿಕೆ. ಹೀಗೆ ಪ್ಲೇಟುಗಳಿಂದಾದ ಲೀಫ್ ಸ್ಪ್ರಿಂಗಿಗೆ ಎರಡು ಪ್ರತ್ಯೇಕ ಗುಣಗಳಿವೆ. ಭಾರವಿಲ್ಲದಾಗ ಪ್ಲೇಟು ಎಷ್ಟು ಕಮಾನಾಗಿರುತ್ತದೆ ಎಂಬುದು ಅದರ ಬಾಗು. ಒಂದು ಮಿಲಿಮೀಟರ್ ಕುಗ್ಗಲು ಎಷ್ಟು ಕಿಲೋ ಭಾರ ಬೇಕು ಎಂಬುದು ಅದರ ಬಿಗಿತ. ಮೂವತ್ತು ನಲವತ್ತು ವರ್ಷ ದುಡಿದ ಪ್ಲೇಟು ಕಳೆದುಕೊಳ್ಳುವುದು ಬಾಗನ್ನು. ಬಿಗಿತ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ, ಏಕೆಂದರೆ ಅದನ್ನು ನಿರ್ಧರಿಸುವುದು ಉಕ್ಕಿನ ಸ್ಥಿತಿಸ್ಥಾಪಕತೆ ಮತ್ತು ಪ್ಲೇಟಿನ ಅಳತೆಗಳು, ಅವು ವಯಸ್ಸಿನಿಂದ ಬದಲಾಗುವುದಿಲ್ಲ. ತುಕ್ಕು ತಿಂದು ಪ್ಲೇಟು ತೆಳುವಾಗಿದ್ದರೆ ಆ ಮಾತು ಬೇರೆ.

ಬಿಗಿತದ ಲೆಕ್ಕ ತಿಳಿದಿದ್ದರೆ ವರ್ಕ್‌ಶಾಪಿನ ಅರ್ಧ ವಾದಗಳು ಅಲ್ಲೇ ಮುಗಿಯುತ್ತವೆ. ಪ್ಲೇಟುಗಳ ಸಂಖ್ಯೆ ಎಷ್ಟು ಪಟ್ಟು ಹೆಚ್ಚುತ್ತದೆಯೋ ಬಿಗಿತವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಪ್ಲೇಟಿನ ದಪ್ಪ ಹೆಚ್ಚಿದರೆ ಬಿಗಿತ ಅದರ ಘನದ ಪ್ರಮಾಣದಲ್ಲಿ ಏರುತ್ತದೆ, ಉದ್ದ ಹೆಚ್ಚಿದರೆ ಘನದ ಪ್ರಮಾಣದಲ್ಲಿ ಇಳಿಯುತ್ತದೆ. ಹತ್ತು ಪ್ಲೇಟಿನ ಸೆಟ್ಟಿಗೆ ಅದೇ ದಪ್ಪದ ಒಂದು ಪ್ಲೇಟು ಸೇರಿಸಿದರೆ ಬಿಗಿತ ಹೆಚ್ಚುವುದು ಸುಮಾರು ಶೇ 10 ಮಾತ್ರ. ಅದೇ ಹತ್ತು ಪ್ಲೇಟುಗಳನ್ನು 5 ಮಿ.ಮೀ. ಬದಲು 6 ಮಿ.ಮೀ. ದಪ್ಪದವನ್ನಾಗಿ ಮಾಡಿದರೆ ಶೇ 73ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಸೆಟ್ಟುಗಳಲ್ಲಿ ಒಂದು ಹಿತವಾಗಿ ಓಡಿ, ಇನ್ನೊಂದು ಬೆನ್ನು ಮುರಿಯುವುದು ಇದರಿಂದಲೇ. ಆದ್ದರಿಂದ ಅಂಗಡಿಗೆ ಹೋಗುವಾಗ ಪ್ಲೇಟುಗಳನ್ನು ಎಣಿಸಿಕೊಂಡು ಹೋದರೆ ಸಾಲದು, ವರ್ನಿಯರ್ ಕ್ಯಾಲಿಪರಿನಲ್ಲಿ ಪ್ರತಿಯೊಂದರ ದಪ್ಪವನ್ನೂ ಅಳೆದು ಬರೆದುಕೊಂಡಿರಬೇಕು.

ತೂಗುವ ಬಗೆ

ಕಾಫಿ ಮತ್ತು ಮರ ಸಾಗಿಸುವ ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲೇ ಈ ಕೆಲಸವಾಗುತ್ತದೆ. ಎಂಜಿನ್ ಇಳಿಸುವ ಮೊದಲು ಒಮ್ಮೆ, ಹೊಸ ಎಂಜಿನ್, ರೇಡಿಯೇಟರ್, ಬ್ಯಾಟರಿ, ನೀರು, ಆಯಿಲ್ ಎಲ್ಲ ತುಂಬಿದ ಮೇಲೆ ಇನ್ನೊಮ್ಮೆ ಜೀಪನ್ನು ತೂಗಿಸಬೇಕು. ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಒಂದು ಚೀಟಿ, ಹಿಂದಿನವನ್ನು ಮಾತ್ರ ನಿಲ್ಲಿಸಿ ಒಂದು, ಪೂರ್ತಿ ಜೀಪಿಗೆ ಒಂದು, ಹೀಗೆ ಮೂರು ಚೀಟಿ ತೆಗೆಸಿದರೆ ಮೊದಲ ಎರಡರ ಮೊತ್ತ ಮೂರನೆಯದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಬಹುದು. ತಟ್ಟೆಯೂ ಅದರ ಅಂಚಿನ ನೆಲವೂ ಒಂದೇ ಮಟ್ಟದಲ್ಲಿರಬೇಕು, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಟ್ಯಾಂಕಿನ ಇಂಧನ ಎರಡೂ ಸಲ ಒಂದೇ ಮಟ್ಟದಲ್ಲಿರಬೇಕು. ವೇಬ್ರಿಡ್ಜಿನ ಓದು 5 ಅಥವಾ 10 ಕಿಲೋ ಹೆಜ್ಜೆಯಲ್ಲಿ ಬದಲಾಗುವುದರಿಂದ ಅದಕ್ಕಿಂತ ಸೂಕ್ಷ್ಮ ಲೆಕ್ಕ ಇಲ್ಲಿ ಸಿಗದು, ನಮಗೆ ಬೇಕಾಗಿಯೂ ಇಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪೆಟ್ರೋಲ್ ಎಂಜಿನ್ ಇದ್ದಾಗ ಮುಂದಿನ ಚೀಟಿ 540 ಕಿಲೋ, ಡೀಸೆಲ್ ಕೂತ ಮೇಲೆ 630 ಕಿಲೋ ಎಂದು ಇಟ್ಟುಕೊಳ್ಳಿ. ಇದರಲ್ಲಿ ಆಕ್ಸಲ್, ಚಕ್ರ, ಬ್ರೇಕ್ ಡ್ರಮ್ಮುಗಳ ತೂಕವನ್ನು ಸ್ಪ್ರಿಂಗ್ ಹೊರುವುದಿಲ್ಲ, ನೆಲವೇ ಹೊರುತ್ತದೆ; ಅದು 170 ಕಿಲೋ ಎಂದು ಹಿಡಿದು ಕಳೆದರೆ ಸ್ಪ್ರಿಂಗ್ ಹೊರುವ ಭಾರ 370ರಿಂದ 460ಕ್ಕೆ, ಅಂದರೆ ಒಂದೊಂದು ಬದಿಗೆ 185ರಿಂದ 230 ಕಿಲೋಗೆ ಏರಿತು. ಏರಿಕೆ ಸುಮಾರು ಶೇ 24. ಸುಮಾರು 36 ಅಂಗುಲ ಉದ್ದ, 1¾ ಅಂಗುಲ ಅಗಲದ, 5 ಮಿ.ಮೀ. ದಪ್ಪದ ಹತ್ತು ಪ್ಲೇಟಿನ ಸೆಟ್ಟಿನ ಬಿಗಿತ ಲೆಕ್ಕದ ಪ್ರಕಾರ ಮಿಲಿಮೀಟರಿಗೆ 4 ಕಿಲೋ ಆಸುಪಾಸು ಬರುತ್ತದೆ. ಹಾಗಿದ್ದರೆ ಬದಿಗೆ 45 ಕಿಲೋ ಹೆಚ್ಚಾದಾಗ ಮೂತಿ ತಗ್ಗುವುದು 11 ಮಿ.ಮೀ. ಮಾತ್ರ, ಅಂದರೆ ಅರ್ಧ ಅಂಗುಲವೂ ಇಲ್ಲ. ಜೀಪು ಎರಡು ಅಂಗುಲ ತಗ್ಗಿದ್ದರೆ ಉಳಿದ ಒಂದೂವರೆ ಅಂಗುಲ ಹೊಸ ಎಂಜಿನ್ನಿನ ತಪ್ಪಲ್ಲ, ಹಳೆಯ ಪ್ಲೇಟು ಎಂದೋ ಬಾಗು ಕಳೆದುಕೊಂಡಿತ್ತು ಎಂದೇ ಅರ್ಥ.

ಲೆಕ್ಕವನ್ನು ನಂಬದವರು ಕೈಯಾರೆ ಪರೀಕ್ಷಿಸಬಹುದು. ಹಳೆಯ ಜೀಪಿನ ಮುಂದಿನ ಮಡ್‌ಗಾರ್ಡುಗಳು ಸಪಾಟಾಗಿರುವುದರಿಂದ ಅವುಗಳ ಮೇಲೆ, ಆಕ್ಸಲ್ಲಿನ ನೇರಕ್ಕೆ, ಗಟ್ಟಿ ಹಲಗೆಯೊಂದನ್ನು ಅಡ್ಡ ಇಟ್ಟು 50 ಕಿಲೋ ತೂಕದ ಎರಡು ಕಾಫಿ ಮೂಟೆಗಳನ್ನು ಹೇರಿ. ಹೇರುವ ಮೊದಲೂ ಹೇರಿದ ಮೇಲೂ ಜೀಪನ್ನು ನಾಲ್ಕಾರು ಸಲ ಕುಲುಕಿ, ಚಾಸಿಯಿಂದ ಆಕ್ಸಲ್ಲಿಗಿರುವ ಅಂತರವನ್ನು ಎರಡೂ ಬದಿಗಳಲ್ಲಿ ಅಳೆಯಿರಿ. ಕುಲುಕದಿದ್ದರೆ ಪ್ಲೇಟುಗಳ ನಡುವಿನ ಘರ್ಷಣೆಯಿಂದ ಜೀಪು ಎಲ್ಲೋ ಅಂಟಿಕೊಂಡು ನಿಲ್ಲುತ್ತದೆ, ಅಳತೆ ಸುಳ್ಳಾಗುತ್ತದೆ. ಬದಿಗೆ 50 ಕಿಲೋ ಬಿದ್ದಾಗ 12 ಅಥವಾ 13 ಮಿ.ಮೀ. ಇಳಿದರೆ ಬಿಗಿತ 4ರ ಸುತ್ತ ಇದೆ, 5 ಮಿ.ಮೀ. ಮಾತ್ರ ಇಳಿದರೆ ನಿಮ್ಮ ಜೀಪಿಗೆ ಯಾರೋ ಆಗಲೇ ಭಾರಿ ಸೆಟ್ಟು ಹಾಕಿದ್ದಾರೆ, ಅಥವಾ ತುಕ್ಕಿನಿಂದ ಪ್ಲೇಟುಗಳು ಒಂದಕ್ಕೊಂದು ಕಚ್ಚಿಕೊಂಡಿವೆ.

ಬರುವ ಎಂಜಿನ್ ಯಾವುದು ಎಂಬುದೂ ಲೆಕ್ಕಕ್ಕೆ ಸೇರುತ್ತದೆ. ಸಿಜೆ-3ಬಿ ಜೀಪಿನ ಮೂಲ ಹರಿಕೇನ್ ಎಂಜಿನ್ 2199 ಸಿ.ಸಿ.ಯದು, ಅದು ಎತ್ತರದ ಎಂಜಿನ್ ಆದ್ದರಿಂದಲೇ ಆ ಜೀಪಿನ ಬಾನೆಟ್ ಹಿಂದಿನ ಮಾದರಿಗಳಿಗಿಂತ ಮೇಲಿದೆ, ಡೀಸೆಲ್ ಕೂರಿಸಲು ಅದೇ ಅನುಕೂಲವೂ ಆಗಿದೆ. ಅದರ ಜಾಗಕ್ಕೆ ಸಾಮಾನ್ಯವಾಗಿ ಬರುವುದು 2112 ಸಿ.ಸಿ.ಯ ಪ್ಯೂಜೊ ಡೀಸೆಲ್, ಅದರ 2498 ಸಿ.ಸಿ. ಅಣ್ಣ, ಅಥವಾ ಮಹೀಂದ್ರದ 2523 ಸಿ.ಸಿ. ಡಿಐ. ಕಾಂಟೆಸ್ಸಾ ಕಾರಿನ 1.8 ಲೀಟರ್ ಇಸುಜು ಪೆಟ್ರೋಲ್ ಎಂಜಿನ್ ಹಾಕಿಸುವವರೂ ಇದ್ದಾರೆ. ಅಂಥಲ್ಲಿ ಎರಡನೆಯ ಚೀಟಿ ಮೊದಲನೆಯದಕ್ಕೆ ಹತ್ತಿರವೇ ಬಂದರೆ ಸ್ಪ್ರಿಂಗ್ ಬದಲಿಸುವ ಪ್ರಶ್ನೆಯೇ ಏಳುವುದಿಲ್ಲ. ಗೇರ್ ಬಾಕ್ಸಿಗೆ ಹೊಂದಿಸಲು ಎಂಜಿನ್ನನ್ನು ಎರಡು ಅಂಗುಲ ಮುಂದೆ ಸರಿಸಿದ್ದರೆ ಒಟ್ಟು ತೂಕ ಅಷ್ಟೇ ಇದ್ದರೂ ಮುಂದಿನ ಆಕ್ಸಲ್ ಮೇಲಿನ ಪಾಲು ಹೆಚ್ಚುತ್ತದೆ. ಎಂಜಿನ್ನಿನ ತೂಕ ಕೇಳಿ ತಿಳಿದು ಕೂಡಿಸಿ ಕಳೆಯುವುದಕ್ಕಿಂತ ಜೀಪನ್ನೇ ತೂಗಬೇಕೆನ್ನುವುದಕ್ಕೆ ಇದೊಂದು ಕಾರಣ ಸಾಕು.

ಹಳೆಯ ಸೆಟ್ಟಿಗೇ ಜೀವ ಕೊಡುವುದು

ಸ್ಪ್ರಿಂಗ್ ಹೊರುವ ಭಾರ ಶೇ 10ರ ಒಳಗೆ ಹೆಚ್ಚಿದ್ದರೆ ಮೊದಲು ಯೋಚಿಸಬೇಕಾದ್ದು ಇದನ್ನೇ, ಏಕೆಂದರೆ ಖರ್ಚು ಬಹುಪಾಲು ಕೂಲಿಯದು, ಮೂಲ ವಸ್ತುವೂ ಉಳಿಯುತ್ತದೆ. ಸೆಟ್ಟನ್ನು ಬಿಚ್ಚಿ, ತುಕ್ಕು ತೆಗೆದು, ಬಿರುಕು ಬಿಟ್ಟ ಪ್ಲೇಟನ್ನು ಬದಲಿಸಿ, ಗ್ರಾಫೈಟ್ ಗ್ರೀಸ್ ಸವರಿ, ಪ್ಲೇಟುಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟ್ ಮತ್ತು ತುದಿಯ ಬುಷ್ ಹೊಸದು ಹಾಕಿದರೆ ಎಷ್ಟೋ ಜೀಪುಗಳು ಅಷ್ಟಕ್ಕೇ ಮೆತ್ತಗಾಗುತ್ತವೆ. ಕೊಡಗಿನ ಮಳೆಗಾಲದಲ್ಲಿ ಪ್ಲೇಟುಗಳ ಸಂದಿಗೆ ಇಳಿಯುವ ಕೆಸರು ನೀರು ಅಲ್ಲೇ ನಿಂತು ತುಕ್ಕಾಗುತ್ತದೆ. ಜೀಪು ಗಡುಸಾಯಿತೆಂದು ದೂರುವವರಲ್ಲಿ ಹಲವರು ಹೊಸ ಸ್ಪ್ರಿಂಗಿಗೆ ಕೊಡುವ ಹಣ ನಿಜಕ್ಕೂ ಈ ತುಕ್ಕಿಗೆ ತೆತ್ತ ದಂಡ.

ಬಾಗು ಕೊಡಿಸುವಲ್ಲಿ ಮಾತ್ರ ಎಚ್ಚರ ಬೇಕು. ತಣ್ಣಗಿರುವಾಗ ಸುತ್ತಿಗೆಯಿಂದಲೋ ಪ್ರೆಸ್ಸಿನಿಂದಲೋ ಬಗ್ಗಿಸಿದ ಬಾಗು ಸ್ವಲ್ಪ ಕಾಲ ನಿಂತು ಮತ್ತೆ ಇಳಿಯುವ ಸಂಭವವಿದೆ. ಗ್ಯಾಸ್ ಟಾರ್ಚಿನಿಂದ ಅಲ್ಲಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವುದಂತೂ ಕೂಡದು, ಕಾದ ಜಾಗದಲ್ಲಿ ಉಕ್ಕಿನ ಹದ ಹೋಗಿ ಒಂದೋ ಅದು ಮೆತ್ತಗಾಗುತ್ತದೆ, ಇಲ್ಲವೇ ಅಲ್ಲಿಯೇ ಮುರಿಯುತ್ತದೆ. ಪ್ಲೇಟನ್ನು ಪೂರ್ತಿಯಾಗಿ ಕುಲುಮೆಯಲ್ಲಿ ಸಮವಾಗಿ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದಕ್ಕೆ ಕಾಯಿಸುವ ಸ್ಪ್ರಿಂಗ್ ವರ್ಕ್ಸ್ ಸಿಕ್ಕರೆ ಮಾತ್ರ ಈ ದಾರಿ ಬಾಳಿಕೆ ಬರುತ್ತದೆ. ಯಾವ ವಿಧಾನ ಬಳಸುತ್ತೀರಿ ಎಂದು ಕೇಳಿದಾಗ ನೇರ ಉತ್ತರ ಸಿಗದ ಜಾಗದಲ್ಲಿ ಸೆಟ್ಟನ್ನು ಕೊಡದಿರುವುದೇ ಮೇಲು.

ಪ್ಲೇಟು ಸೇರಿಸುವುದು

ನಮ್ಮ ಉದಾಹರಣೆಯ ಜೀಪಿಗೆ ಇದೇ ಸರಿಯಾದ ಉತ್ತರ, ಮತ್ತು ಬಹುಶಃ ಈ ಬರಹವನ್ನು ಓದುತ್ತಿರುವ ಹೆಚ್ಚಿನವರಿಗೂ ಇದೇ ಸಾಕು. ಸ್ಪ್ರಿಂಗ್ ಹೊರುವ ಭಾರ ಎಷ್ಟು ಪಾಲು ಹೆಚ್ಚಿತೋ ಬಿಗಿತವನ್ನೂ ಅಷ್ಟೇ ಪಾಲು ಹೆಚ್ಚಿಸಿದರೆ, ಬಾಗನ್ನು ಬದಲಿಸದೆಯೂ ಜೀಪು ತನ್ನ ಮೊದಲಿನ ಎತ್ತರಕ್ಕೇ ಬಂದು ನಿಲ್ಲುತ್ತದೆ, ಕುಣಿತದ ಲಯವೂ ಮೊದಲಿನಂತೆಯೇ ಇರುತ್ತದೆ. ಹತ್ತು ಪ್ಲೇಟಿಗೆ ಎರಡು ಸೇರಿಸಿದರೆ ಬಿಗಿತ ಶೇ 20 ಹೆಚ್ಚಿ 4.8 ಆಗುತ್ತದೆ, 230 ಕಿಲೋ ಅದರ ಮೇಲೆ ಕೂತಾಗ ಕುಗ್ಗುವುದು 48 ಮಿ.ಮೀ. ಹಳೆಯ ಎಂಜಿನ್ನಿನ ಕಾಲದಲ್ಲಿ 185 ಕಿಲೋಗೆ ಕುಗ್ಗುತ್ತಿದ್ದುದು 46 ಮಿ.ಮೀ. ಈ ಎರಡು ಮಿಲಿಮೀಟರಿಗಾಗಿ ಮೂರನೆಯ ಪ್ಲೇಟು ಬೇಕಿಲ್ಲ.

ಸೇರಿಸುವ ಪ್ಲೇಟು ಅದೇ ಅಗಲ, ಅದೇ ದಪ್ಪದ್ದಾಗಿರಬೇಕು, ಅದರ ಬಾಗು ಮೇಲಿನ ಪ್ಲೇಟಿನ ಬಾಗಿಗೆ ಕೂಡಬೇಕು, ಉದ್ದ ಅಕ್ಕಪಕ್ಕದ ಎರಡು ಪ್ಲೇಟುಗಳ ನಡುವಿನದಾಗಿರಬೇಕು. ಲಾರಿ ಸ್ಪ್ರಿಂಗಿನ ಒಂದು ದಪ್ಪ ತುಂಡನ್ನು ತಳಕ್ಕೆ ಜೋಡಿಸಿ, ಸೆಟ್ಟನ್ನು ಆಕ್ಸಲ್ಲಿಗೆ ಕಟ್ಟುವ ಯು ಬೋಲ್ಟ್ ಬಿಗಿದರೆ ಅದು ಮೇಲಿನ ಪ್ಲೇಟುಗಳ ಜೊತೆ ಹಂತಹಂತವಾಗಿ ಬಾಗುವುದಿಲ್ಲ, ಅದರ ತುದಿ ತಗಲುವ ಜಾಗದಲ್ಲೇ ಒತ್ತಡ ಸೇರಿ, ಎಲ್ಲಕ್ಕಿಂತ ಉದ್ದವಾಗಿದ್ದು ಚಾಸಿಗೆ ಸೇರುವ ಮೇನ್ ಪ್ಲೇಟು ಮುರಿಯುತ್ತದೆ. ಮುಂದಿನ ಮೇನ್ ಪ್ಲೇಟು ಮುರಿದರೆ ಆಕ್ಸಲ್ಲಿನ ಒಂದು ಬದಿ ಹಿಂದಕ್ಕೆ ಸರಿದು ಜೀಪು ತಾನಾಗಿಯೇ ತಿರುಗುವುದರಿಂದ, ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ಇಳಿಜಾರಿನಲ್ಲೋ ಇದು ಸಣ್ಣ ತೊಂದರೆಯಲ್ಲ. ಸೆಟ್ಟು ದಪ್ಪವಾದಷ್ಟೂ ಹಳೆಯ ಯು ಬೋಲ್ಟುಗಳಿಗೆ ಹಲ್ಲು ಸಾಲದಾಗುತ್ತದೆ, ಉದ್ದದವನ್ನು ಹೊಸದಾಗಿಯೇ ಹಾಕಬೇಕು.

ಡೀಸೆಲ್ ಜೀಪಿನ ಪೂರ್ತಿ ಸೆಟ್ಟು

ಎಂಎಂ 540ರಂಥ, ಕಾರ್ಖಾನೆಯಿಂದಲೇ ಡೀಸೆಲ್ ಆಗಿ ಬಂದ ಜೀಪುಗಳ ಸೆಟ್ಟನ್ನು ತಂದು ಹಾಕುವುದು ಸುಲಭದ ಉಪಾಯದಂತೆ ತೋರುತ್ತದೆ. ಹಳೆಯ ಪ್ಲೇಟು ತುಕ್ಕು ತಿಂದು ತೆಳುವಾಗಿದ್ದರೆ, ಎರಡಕ್ಕಿಂತ ಹೆಚ್ಚು ಪ್ಲೇಟು ಬಿರುಕು ಬಿಟ್ಟಿದ್ದರೆ, ಅಥವಾ ಭಾರ ಶೇ 30 ದಾಟಿದ್ದರೆ ಹೊಸ ಸೆಟ್ಟು ಕೊಳ್ಳುವುದೇ ಜಾಣತನ. ಹಳತನ್ನು ತೇಪೆ ಹಾಕುತ್ತ ಹೋಗುವ ಖರ್ಚು ಕೊನೆಗೆ ಹೊಸದರ ಬೆಲೆಯನ್ನೇ ಮುಟ್ಟುತ್ತದೆ. ಇಲ್ಲಿನ ಅನುಕೂಲವೆಂದರೆ ಪ್ಲೇಟು ಎಲ್ಲ ಕಡೆ ಸಿಗುತ್ತದೆ, ಒಂದು ಮುರಿದರೆ ಅದೊಂದನ್ನೇ ಕೊಳ್ಳಬಹುದು, ಯಾವ ಮೆಕ್ಯಾನಿಕ್ ಆದರೂ ಕೂಡಿಸಬಲ್ಲ.

ತೊಡಕಿರುವುದು ಅಳತೆಯಲ್ಲಿ. ಹಳೆಯ ವಿಲ್ಲೀಸ್ ವಂಶದ ಜೀಪುಗಳ ಪ್ಲೇಟು 1¾ ಅಂಗುಲ ಅಗಲದ್ದು. ತರುವ ಸೆಟ್ಟಿನ ಅಗಲ, ತುದಿಗಳ ಎರಡು ಕಣ್ಣುಗಳ (ಬೋಲ್ಟ್ ತೂರುವ ಬಳೆಗಳ) ನಡುವಿನ ಉದ್ದ, ಸೆಂಟರ್ ಬೋಲ್ಟ್ ಯಾವ ತುದಿಯಿಂದ ಎಷ್ಟು ದೂರದಲ್ಲಿದೆ, ಬುಷ್ ಎಷ್ಟು ದಪ್ಪದ್ದು ಎಂಬ ನಾಲ್ಕನ್ನೂ ನಿಮ್ಮದರ ಪಕ್ಕದಲ್ಲಿಟ್ಟು ನೋಡದೆ ಹಣ ಕೊಡಬೇಡಿ. ಸೆಂಟರ್ ಬೋಲ್ಟ್ ಅರ್ಧ ಅಂಗುಲ ಆಚೀಚೆಯಾದರೆ ಆಕ್ಸಲ್ಲೂ ಅಷ್ಟೇ ಸರಿಯುತ್ತದೆ, ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ, ಸ್ಟಿಯರಿಂಗನ್ನು ಚಕ್ರಗಳಿಗೆ ಜೋಡಿಸುವ ಡ್ರ್ಯಾಗ್ ಲಿಂಕ್ ನೆಟ್ಟಗೆ ಕೂರುವುದಿಲ್ಲ.

ಇನ್ನೊಂದು ತೊಡಕು ಬಿಗಿತವೇ. 6 ಮಿ.ಮೀ. ಪ್ಲೇಟಿನ ಹತ್ತರ ಸೆಟ್ಟನ್ನು ನಮ್ಮ ಉದಾಹರಣೆಯ ಜೀಪಿಗೆ ಹಾಕಿದರೆ ಬಿಗಿತ 6.9ಕ್ಕೆ ಏರಿ, 230 ಕಿಲೋಗೆ 33 ಮಿ.ಮೀ. ಮಾತ್ರ ಕುಗ್ಗುತ್ತದೆ. ಬಾಗು ಮೊದಲಿನಷ್ಟೇ ಇದ್ದರೆ ಮೂತಿ ಮೂಲ ಎತ್ತರಕ್ಕಿಂತ 13 ಮಿ.ಮೀ. ಮೇಲೇಳುತ್ತದೆ, ನೋಡಲು ಚೆಂದವೂ ಇರುತ್ತದೆ. ಮಡಿಕೇರಿಯಿಂದ ಕುಶಾಲನಗರದ ಟಾರು ರಸ್ತೆಯಲ್ಲಿ ಇದರ ದೋಷ ಗೊತ್ತಾಗುವುದಿಲ್ಲ. ಮಾಂದಲಪಟ್ಟಿಯ ಕಡೆಗಿನಂಥ ಕಲ್ಲುದಾರಿಯಲ್ಲಿ ಚಕ್ರ ಕಲ್ಲಿನಿಂದ ಕಲ್ಲಿಗೆ ಹಾರುತ್ತದೆ. ಹಾರುವ ಚಕ್ರಕ್ಕೆ ಹಿಡಿತವಿಲ್ಲ, ಆದ್ದರಿಂದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಮುಂದಿನ ಚಕ್ರ ಬೇಗ ಲಾಕ್ ಆಗಿ ಜೀಪು ಜಾರುತ್ತದೆ. ಬಿಗಿಯಾದ ಸ್ಪ್ರಿಂಗ್ ಎಂದರೆ ಸುರಕ್ಷಿತ ಎಂಬ ನಂಬಿಕೆ ಘಾಟಿಯ ನುಣುಪು ತಿರುವಿನಲ್ಲಿ ಸ್ವಲ್ಪ ಮಟ್ಟಿಗೆ ನಿಜ. ಬ್ರೇಕ್ ಹಾಕಿದಾಗ ಮೂತಿ ಕಡಿಮೆ ಮುಳುಗುತ್ತದೆ, ಓಲಾಟವೂ ಕಡಿಮೆ. ತೋಟದೊಳಗಿನ ಒದ್ದೆ ಮಣ್ಣಿನಲ್ಲಿ ಅದೇ ನಂಬಿಕೆ ಕೈಕೊಡುತ್ತದೆ. ಹೀಗಾಗಿ ಪೂರ್ತಿ ಸೆಟ್ಟು ತಂದವರು ಮೊದಲು ತಳದ ಒಂದೆರಡು ಪ್ಲೇಟು ಬಿಚ್ಚಿಟ್ಟು, ಮೂಟೆಯ ಪರೀಕ್ಷೆ ಮಾಡಿ, ಬೇಕಾದರೆ ಮಾತ್ರ ಮತ್ತೆ ಸೇರಿಸುವುದು ಒಳ್ಳೆಯದು.

ಪ್ಯಾರಬೋಲಿಕ್ ಸ್ಪ್ರಿಂಗ್

ಇದರಲ್ಲಿ ಪ್ಲೇಟು ಎರಡೋ ಮೂರೋ ಮಾತ್ರ. ಪ್ರತಿಯೊಂದೂ ನಡುವೆ ದಪ್ಪವಾಗಿದ್ದು ತುದಿಗಳ ಕಡೆಗೆ ತೆಳುವಾಗುತ್ತದೆ, ನಡುವಿನಲ್ಲಿ ಮತ್ತು ತುದಿಯಲ್ಲಲ್ಲದೆ ಬೇರೆಲ್ಲೂ ಒಂದನ್ನೊಂದು ಮುಟ್ಟುವುದಿಲ್ಲ. ಸಂದಿಯಲ್ಲಿ ಕೆಸರು ಕೂತು ತುಕ್ಕು ಕಚ್ಚುವ ಕಾಟ ಇಲ್ಲವೆನ್ನಬಹುದು, ಸಣ್ಣ ಗುಂಡಿಗಳನ್ನು ಅದು ನುಂಗುವ ರೀತಿಯೂ ಬಹುಪ್ಲೇಟಿನ ಸೆಟ್ಟಿಗೆ ಬಾರದು. ವಾರಕ್ಕೊಮ್ಮೆ ಮೈಸೂರಿಗೋ ಮಂಗಳೂರಿಗೋ ಹೋಗಿಬರುವ, ಭಾರ ಹೊರಿಸದ, ಪ್ರೀತಿಯಿಂದ ಇಟ್ಟುಕೊಂಡ ಜೀಪಿಗೆ ಖರ್ಚನ್ನು ಲೆಕ್ಕಿಸದವರು ಇದನ್ನು ಹಾಕಬಹುದು.

ಆದರೆ ಹಳೆಯ ಸೆಟ್ಟಿನ ಘರ್ಷಣೆ ಎಂಬುದು ಶಾಕ್ ಅಬ್ಸಾರ್ಬರಿನ ಅರ್ಧ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು. ಅದು ಹೋದ ಮೇಲೆ ಸಾಧಾರಣ ಶಾಕ್ ಅಬ್ಸಾರ್ಬರಿನಲ್ಲಿ ಜೀಪು ಕುಣಿಯುತ್ತದೆ, ಆದ್ದರಿಂದ ಒಳ್ಳೆಯ ಶಾಕ್ ಅಬ್ಸಾರ್ಬರಿನ ಬೆಲೆಯನ್ನೂ ಇದರ ಬೆಲೆಗೇ ಸೇರಿಸಿ ನೋಡಬೇಕು. ಕೆಲವು ಪ್ಲೇಟುಗಳಲ್ಲೇ ಇಡೀ ಭಾರ ಇರುವುದರಿಂದ ಒಂದು ಮುರಿದರೆ ದಾರಿಯಲ್ಲಿ ಹೇಗೋ ಸಂಭಾಳಿಸಿ ಮನೆ ಸೇರುವ ಅವಕಾಶ ಕಡಿಮೆ, ಹಾಗೂ ಭಾಗಮಂಡಲದಲ್ಲಿ ಮುರಿದ ಪ್ಯಾರಬೋಲಿಕ್ ಪ್ಲೇಟಿಗೆ ಭಾಗಮಂಡಲದಲ್ಲಿ ಮದ್ದಿಲ್ಲ. ಪ್ಲೇಟು ಸೇರಿಸಿ ಅಥವಾ ತೆಗೆದು ಬಿಗಿತ ಹೊಂದಿಸುವ ಸೌಲಭ್ಯವೂ ಇಲ್ಲಿಲ್ಲದ ಕಾರಣ ಕೊಳ್ಳುವಾಗಲೇ ನಿಮ್ಮ ಚೀಟಿಯ ಅಂಕಿಗಳನ್ನು ತಯಾರಕರಿಗೆ ಕೊಟ್ಟು ಅದಕ್ಕೆ ತಕ್ಕದ್ದನ್ನು ಕೇಳಬೇಕು. ಬಿಗಿತದ ಅಂಕಿ ಹೇಳಲಾಗದವರಿಂದ ಕೊಳ್ಳುವುದು ಬೇಡ. ತೋಟದ ದುಡಿಮೆಯ ಜೀಪಿಗೆ ನಾನಂತೂ ಇದನ್ನು ಸೂಚಿಸುವುದಿಲ್ಲ.

ಕಾಯಿಲ್ ಸ್ಪ್ರಿಂಗಿಗೆ ಬದಲಾಯಿಸುವ ಯೋಚನೆ ಇದ್ದರೆ ಒಂದೇ ಮಾತು: ಲೀಫ್ ಸ್ಪ್ರಿಂಗ್ ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದೂ ಇಡುತ್ತದೆ, ಅದನ್ನು ತೆಗೆದರೆ ಲಿಂಕ್ ಆರ್ಮ್, ಪ್ಯಾನ್‌ಹಾರ್ಡ್ ರಾಡ್, ಬ್ರ್ಯಾಕೆಟ್ ಎಂದು ಚಾಸಿಯ ತುಂಬ ವೆಲ್ಡಿಂಗ್ ಮಾಡಬೇಕಾಗುತ್ತದೆ. ಎಂಜಿನ್ ಬದಲಿಸಿದ್ದಕ್ಕೆ ಇಷ್ಟು ದೂರ ಹೋಗುವ ಅಗತ್ಯವಿಲ್ಲ.

ಶಾಕಲ್ ಉದ್ದ ಮಾಡುವ ಉಪಾಯ

ಎಲ್ಲಕ್ಕಿಂತ ಅಗ್ಗದ ಸಲಹೆ ಇದು, ಅದಕ್ಕೇ ಹೆಚ್ಚು ಜನ ಕೇಳುವ ಸಲಹೆಯೂ ಹೌದು. ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿಯಾದ ಶಾಕಲ್ ಒಂದು ಅಂಗುಲ ಉದ್ದವಾದರೆ ಮೂತಿ ಸುಮಾರು ಅರ್ಧ ಅಂಗುಲ ಏಳುತ್ತದೆ, ಬಿಗಿತ ಕಿಂಚಿತ್ತೂ ಹೆಚ್ಚುವುದಿಲ್ಲ. ಶಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿರುವ ಜೀಪುಗಳಲ್ಲಿ ಅದನ್ನು ಉದ್ದ ಮಾಡಿದಾಗ ಆಕ್ಸಲ್ ಮುಂದಕ್ಕೆ ವಾಲಿ ಕಾಸ್ಟರ್ ಕೋನ (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ) ಇಳಿಯುತ್ತದೆ. ಈ ಜೀಪುಗಳಿಗೆ ಮೂಲದಲ್ಲಿರುವ ಕಾಸ್ಟರ್ 3 ಡಿಗ್ರಿ ಮಾತ್ರ. ಅದರಲ್ಲಿ ಒಂದೆರಡು ಡಿಗ್ರಿ ಹೋದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ, ವೇಗದಲ್ಲಿ ಜೀಪು ಅತ್ತಿತ್ತ ಅಲೆಯುತ್ತದೆ. ಪ್ಲೇಟು ಮತ್ತು ಆಕ್ಸಲ್ ನಡುವೆ ಉಕ್ಕಿನ ಬೆಣೆ ಇಟ್ಟು ಕೋನ ಸರಿಪಡಿಸಬಹುದಾದರೂ ಮೂಲ ಕಾಯಿಲೆಗೆ ಅದು ಚಿಕಿತ್ಸೆಯಲ್ಲ. ಯಾವ ಆಯ್ಕೆ ಮಾಡಿದರೂ ಕೆಲಸ ಮುಗಿದ ಮೇಲೆ ಕಾಸ್ಟರ್ ಮತ್ತು ಟೋ ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ಒಳಮುಖವಾಗಿರುವ ಪ್ರಮಾಣ) ಎರಡನ್ನೂ ಅಳೆಸುವುದು ಒಳ್ಳೆಯದು.

ಜೀಪಲ್ಲ, ಕಾರು ಇರುವವರಿಗೆ

ಅಂಬಾಸಿಡರ್, ಪದ್ಮಿನಿ, ಕಾಂಟೆಸ್ಸಾ ಇಟ್ಟುಕೊಂಡವರಿಗೂ ತೂಕದ ಚೀಟಿಯೇ ಆಧಾರ, ಮುಂದಿನ ದಾರಿ ಮಾತ್ರ ಬೇರೆ. ಅಂಬಾಸಿಡರಿನ ಮುಂದೆ ಸುರುಳಿಯೂ ಇಲ್ಲ, ಪ್ಲೇಟೂ ಇಲ್ಲ. ಉದ್ದಕ್ಕೆ ಮಲಗಿರುವ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್ ಇದೆ. ಅದನ್ನು ಬೇರೆ ಸ್ಥಾನಕ್ಕೆ ಕೂಡಿಸಿ ಎತ್ತರವನ್ನು ಸರಿಮಾಡಬಹುದು, ಆದರೆ ಬಿಗಿತ ಬದಲಾಗಬೇಕಾದರೆ ಸರಳಿನ ದಪ್ಪವೇ ಬದಲಾಗಬೇಕು. ಕಾರ್ಖಾನೆಯೇ ಆ ಕಾರಿಗೆ 1489 ಸಿ.ಸಿ. ಪೆಟ್ರೋಲಿನಿಂದ ಹಿಡಿದು 2.0 ಲೀಟರ್ ಇಸುಜು ಡೀಸೆಲ್ಲಿನವರೆಗೆ ಹಲವು ಎಂಜಿನ್ ಕೂರಿಸಿದ್ದರಿಂದ, ನೀವು ಹಾಕಿಸುವ ಎಂಜಿನ್ನಿನದೇ ಮಾದರಿಯ ಬಾರ್ ಹುಡುಕುವುದು ಜಾಣತನ.

ಪದ್ಮಿನಿ ಮತ್ತು ಕಾಂಟೆಸ್ಸಾಗಳ ಮುಂದೆ ವಿಷ್‌ಬೋನ್ ಮತ್ತು ಕಾಯಿಲ್ ಸ್ಪ್ರಿಂಗ್. ಕಾಯಿಲಿನ ಬಿಗಿತ ತಂತಿಯ ದಪ್ಪದ ನಾಲ್ಕನೆಯ ಘಾತದ ಪ್ರಮಾಣದಲ್ಲಿ ಏರುತ್ತದೆ: 12 ಮಿ.ಮೀ. ತಂತಿಗೆ ಬದಲಾಗಿ 13 ಮಿ.ಮೀ. ಹಾಕಿದರೆ ಶೇ 38 ಹೆಚ್ಚು. ಸುತ್ತು ಕತ್ತರಿಸಿದರೂ ಬಿಗಿತ ಏರುತ್ತದೆ, ಆದರೆ ಕಾರು ತಗ್ಗುತ್ತದೆ, ಭಾರದ ಎಂಜಿನ್ ಹಾಕಿದವರಿಗೆ ಇದು ತಿರುಗಾಮುರುಗಾ. ಇಲ್ಲಿ ಮರೆಯಬಾರದ ವಿಷಯವೆಂದರೆ ಕಾಯಿಲ್ ಕೂತಿರುವುದು ಚಕ್ರದ ಮೇಲಲ್ಲ, ಚಕ್ರವನ್ನು ಕಾರಿನ ಒಡಲಿಗೆ ಸೇರಿಸುವ ವಿಷ್‌ಬೋನ್ ತೋಳಿನ ನಡುವೆ. ತೋಳಿನ ಒಳಗೀಲಿನಿಂದ ಚಕ್ರಕ್ಕಿರುವ ದೂರದ ಹತ್ತರಲ್ಲಿ ಆರು ಪಾಲಿನ ಜಾಗದಲ್ಲಿ ಕಾಯಿಲ್ ಇದ್ದರೆ, ಚಕ್ರಕ್ಕೆ 30 ಕಿಲೋ ಹೆಚ್ಚಿದಾಗ ಕಾಯಿಲಿಗೆ ಬೀಳುವುದು 50 ಕಿಲೋ. ರಬ್ಬರ್ ಸ್ಪೇಸರ್ ಇಟ್ಟು ಎತ್ತರಿಸುವುದು ಶಾಕಲಿನ ಉಪಾಯದ ತಮ್ಮ. ಚೀಟಿಯಲ್ಲಿ ಏರಿಕೆ ಅತ್ಯಲ್ಪವಿದ್ದರೆ ಮಾತ್ರ ಕ್ಷಮ್ಯ.

ನಿಮ್ಮ ಜೀಪಿಗೆ ಯಾವುದು?

ತೋಟದೊಳಗೆ ಮೂಟೆ, ಗೊಬ್ಬರ, ಆಳುಗಳನ್ನು ಹೊತ್ತು ಓಡುವ ಜೀಪಾದರೆ, ಹೇರಿದ ಸ್ಥಿತಿಯಲ್ಲೂ ಒಮ್ಮೆ ತೂಗಿಸಿ. ಹಿಂದಿನ ಆಕ್ಸಲ್ಲಿಗಿಂತಲೂ ಹಿಂದೆ ಭಾರ ಬಿದ್ದಾಗ ಮುಂದಿನ ಆಕ್ಸಲ್ ಹಗುರಾಗುತ್ತದೆಯೇ ಹೊರತು ಭಾರವಾಗುವುದಿಲ್ಲ, ಹಾಗಾಗಿ ಹೊರೆಯ ನೆಪದಲ್ಲಿ ಮುಂದಿನ ಸೆಟ್ಟನ್ನು ಬಿಗಿ ಮಾಡುವುದಕ್ಕೆ ಅರ್ಥವಿಲ್ಲ. ಇಂಥ ಜೀಪಿಗೆ ಹಳೆಯ ಸೆಟ್ಟಿಗೆ ಲೆಕ್ಕದ ಪ್ಲೇಟು ಸೇರಿಸುವುದೇ ಅಗ್ಗ, ರಿಪೇರಿಗೂ ಸುಲಭ. ಪ್ರವಾಸಿಗರನ್ನು ಕೂರಿಸಿಕೊಂಡು ದಿನವೂ ಕಲ್ಲುದಾರಿ ಹತ್ತುವ ಜೀಪಿಗೆ ಹೊಸ ಪೂರ್ತಿ ಸೆಟ್ಟು, ತಳದ ಪ್ಲೇಟು ಕಡಿಮೆ ಮಾಡಿ, ಒಳ್ಳೆಯ ಶಾಕ್ ಅಬ್ಸಾರ್ಬರ್ ಜೊತೆಗೆ. ಅಲ್ಲಿ ಹಳೆಯ ಉಕ್ಕನ್ನು ನಂಬುವುದು ಸಲ್ಲದು. ಭಾರವೂ ಬಿಗಿತವೂ ಶೇ 24 ಹೆಚ್ಚಿದರೆ ಶಾಕ್ ಅಬ್ಸಾರ್ಬರಿನ ತಡೆಯೂ ಸುಮಾರು ಅಷ್ಟೇ ಹೆಚ್ಚಬೇಕು ಎಂಬುದನ್ನು ಈ ಎರಡೂ ಬಗೆಯವರು ನೆನಪಿಡಬೇಕು.

ಅಪರೂಪದ ಹಳೆಯ ಜೀಪನ್ನು ಸಂಗ್ರಹವಾಗಿ ಉಳಿಸಿಕೊಳ್ಳುವವರಿಗೆ ಕಾಗದದ ಪ್ರಶ್ನೆಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಎಂಜಿನ್ ಬದಲಾವಣೆಗೆ ಮಡಿಕೇರಿಯ ಆರ್‌ಟಿಒ ಕಚೇರಿಯ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. 50 ವರ್ಷ ದಾಟಿದ ವಾಹನಗಳಿಗೆಂದು 2021ರಲ್ಲಿ ಬಂದ ವಿಂಟೇಜ್ ನೋಂದಣಿಯಾದರೆ ಮೂಲ ರೂಪದಲ್ಲಿಯೇ ಉಳಿದಿರುವ ವಾಹನಕ್ಕೆ ಮಾತ್ರ ಸಲ್ಲುತ್ತದೆ. ಆ ಆಸೆಯಿರುವವರು ಮೂಲ ಎಂಜಿನ್ನಿನ ಜೊತೆಗೆ ಮೂಲ ಸ್ಪ್ರಿಂಗ್ ಸೆಟ್ಟನ್ನೂ ಎಣ್ಣೆ ಸವರಿ ಎತ್ತಿಡಲಿ, ಎಡಬಲದ ಗುರುತು ಹಾಕಿಡಲಿ, ಬದಲಿ ಸೆಟ್ಟನ್ನು ಬೋಲ್ಟಿನಲ್ಲಿ ಬಿಚ್ಚಿ ತೆಗೆಯುವಂತೆಯೇ ಕೂರಿಸಲಿ.

ಸ್ಪ್ರಿಂಗ್ ಕೂರಿಸುವ ದಿನ ಎರಡು ಕಡೆ ಕಣ್ಣಿರಬೇಕು. ಡೀಸೆಲ್ ಎಂಜಿನ್ನಿನ ಆಯಿಲ್ ಸಂಪ್ ಹಳೆಯದಕ್ಕಿಂತ ಆಳವಾಗಿದ್ದರೆ, ಆಕ್ಸಲ್ ಬಂಪ್ ಸ್ಟಾಪ್ ಮುಟ್ಟುವವರೆಗೂ ಮೇಲೆದ್ದಾಗ ಡಿಫರೆನ್ಷಿಯಲ್ಲಿನ ಗುಂಡು ಅಥವಾ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಅದಕ್ಕೆ ತಗಲಬಾರದು. ಜಾಕ್ ಇಟ್ಟು ಆಕ್ಸಲ್ಲಿನ ಒಂದೊಂದು ಬದಿಯನ್ನೂ ಪೂರ್ತಿ ಎತ್ತಿ ನೋಡಿ, ಒಂದು ಅಂಗುಲದಷ್ಟಾದರೂ ಸಂದು ಉಳಿಯದಿದ್ದರೆ ಎತ್ತರದ ಬಂಪ್ ಸ್ಟಾಪ್ ಹಾಕಿಸಿ. ಯು ಬೋಲ್ಟ್ ಮತ್ತು ಶಾಕಲ್ಲಿನ ನಟ್ಟುಗಳನ್ನು ಕೊನೆಯದಾಗಿ ಬಿಗಿಯುವುದು ಜೀಪು ತನ್ನ ಭಾರವನ್ನು ತಾನೇ ಹೊತ್ತು ನೆಲದ ಮೇಲೆ ನಿಂತಿರುವಾಗ. ಹೊಸ ಪ್ಲೇಟು ಕೂರುವುದಕ್ಕೆ ಒಂದಿಷ್ಟು ಓಟ ಬೇಕಾದ್ದರಿಂದ, ಮೊದಲ ನೂರಿನ್ನೂರು ಕಿಲೋಮೀಟರ್ ಆದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಚಾಸಿಯಿಂದ ಆಕ್ಸಲ್ಲಿಗಿರುವ ಅಂತರವನ್ನು ಎರಡೂ ಬದಿ ಅಳೆದು ತೂಕದ ಚೀಟಿಯ ಹಿಂದೆ ಬರೆದಿಡಿ.